ಬಂದೂಕಿನ ಪಾಲು

ನಾಡಬಂದೂಕಿಗೆ ಲೈಸೆನ್ಸ್ ಸಿಕ್ಕರೆ ಶಿಕಾರಿಗೂ ಲೈಸೆನ್ಸ್ ಸಿಕ್ಕಿತು ಎಂದೇ ನಮ್ಮ ಹೊಸದುರ್ಗದ ಕಡೆಯ ಎಷ್ಟೋ ಗಂಡಸರ ತಿಳುವಳಿಕೆ. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಸರಳಿನಿಂದ ಜಡಿಯುವ ಆ ಬಂದೂಕನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಕೊಡಿಸುವುದು ಬೆಳೆ ಕಾಯಲು. ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸಿದೆ. ಜೀವಕ್ಕೇ ಬಂದಾಗಿನ ಮಾತು ಬೇರೆ. ಹೊಲಕ್ಕೆ ನುಗ್ಗಿದ ಹಂದಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇಕು. ಅಪ್ಪಣೆ ಪಡೆದು ಹೊಡೆದರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು.

"ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ?" ಎನ್ನುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು. 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದೂ ಅಷ್ಟನ್ನೇ. ಬೇಟೆಯ ಕಾನೂನು ಅವರಿಗೂ ಒಂದೇ.

ರೈತರ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಒಂದೇ ರಾತ್ರಿಯಲ್ಲಿ ಹಂದಿ ಹಿಂಡು ಕಡಲೆಕಾಯಿ ಹೊಲವನ್ನು ಬಗೆದು ಹೋದರೆ ಅಪ್ಪಣೆಗೆಂದು ಕಚೇರಿ ಅಲೆಯುವವನಿಗೆ ಸಿಟ್ಟು ಬಾರದೆ ಇದ್ದೀತೆ? ಅಪ್ಪಣೆ ಬೇಗ ಕೊಡಿ ಎಂದು ಜಗಳವಾಡಲಿ, ಜೊತೆಗೆ ನಾನೂ ಬರುತ್ತೇನೆ. ಆದರೆ ಪೇಟೆಯ ಗೆಳೆಯರನ್ನು ಕಟ್ಟಿಕೊಂಡು ಜೀಪಿನಲ್ಲಿ ಹೊರಡುವವರು ಯಾರ ಪೈರು ಕಾಯುತ್ತಾರೆ?

ಬೆಳಗ್ಗೆ ಮುಚ್ಚಿದ ಡಬ್ಬಿಯಲ್ಲಿ 'ಪಾಲು' ಬರುತ್ತದೆ, ನೇರ ಅಡುಗೆಮನೆಗೆ. ಹೊಡೆದ ಹೆಮ್ಮೆ ಅವರದು, ಮಸಾಲೆ ಅರೆಯುವ ಕೈ ನಮ್ಮದು. ಆ ಮಾಂಸ ಇಟ್ಟುಕೊಳ್ಳುವುದೂ ಅಪರಾಧ ಎಂದು ನಮಗೆ ಹೇಳುವವರು ಯಾರು? ಇಲಾಖೆಯವರು ಬಂದರೆ ಪಾತ್ರೆಯ ಮುಚ್ಚಳ ತೆಗೆಸುವುದು ನಮ್ಮ ಕೈಯಲ್ಲೇ. ನಮ್ಮ ಮನೆಗೆ ಬಂದ ಡಬ್ಬಿಯನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದೆ. ತಂದ ನೆಂಟರು ಈ ಸಲ ಹಬ್ಬಕ್ಕೂ ಬರಲಿಲ್ಲ. ಬಾರದಿದ್ದರೆ ಬೇಡ.