ಮನೆಯಂಗಳದ ಮಾತು: ಕಡಲಾಚೆಗೆ ಓದಲು ಹೊರಟ ಮಕ್ಕಳು



ಆಗಸ್ಟ್-ಸೆಪ್ಟೆಂಬರ್ ಬಂತೆಂದರೆ ಮಾಟುಂಗ, ಡೊಂಬಿವಲಿ, ಮೀರಾ ರೋಡುಗಳ ಎಷ್ಟೋ ಕನ್ನಡ ಮನೆಗಳಲ್ಲಿ ಪೆಟ್ಟಿಗೆ ತುಂಬುವ ಗಡಿಬಿಡಿ. ಮಗನೋ ಮಗಳೋ ಎಂ.ಎಸ್ಸಿ., ಎಂ.ಎಸ್. ಎಂದು ಇಂಗ್ಲಂಡಿಗೋ ಅಮೇರಿಕೆಗೋ ಹೊರಟಿರುತ್ತಾರೆ. ಚಟ್ನಿಪುಡಿ, ಹಪ್ಪಳ, ಪುಟ್ಟ ಕುಕ್ಕರು ಎಂದು ಏನೇನು ಕಟ್ಟಿಕೊಡಬೇಕೆಂಬುದನ್ನು ನಮ್ಮ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಲ್ಲಿ ಕಷ್ಟ ಬಂದರೆ ಮನೆಗೆ ಹೇಳಬಹುದೆಂಬ ಧೈರ್ಯವನ್ನೂ ಜೊತೆಗೆ ಕಳಿಸುತ್ತೇವೆಯೇ ಎಂಬುದನ್ನು ಈ ಸಲ ಸ್ವಲ್ಪ ವಿಚಾರ ಮಾಡೋಣ.

ಪರವೂರಿನಲ್ಲಿ ಬೇರೂರುವುದು ನಮಗೆ ಹೊಸತಲ್ಲ. ಕೋಟೆಯ ಹೋಟೆಲುಗಳಲ್ಲಿ ಹಗಲೆಲ್ಲ ಕಪ್ಪು-ಬಸಿ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹುಡುಗರೇ ಮುಂದೆ ಬ್ಯಾಂಕು-ಕಚೇರಿ ಸೇರಿದರು, ಸ್ವಂತ ಹೋಟೆಲು ಇಟ್ಟರು. ಸಾಲ ಮಾಡಿ ಹೊರದೇಶದಲ್ಲಿ ಓದುವುದೂ ಹಳೆಯ ಮಾತೇ. ಅದಕ್ಕೆಂದು ಜಮಶೇಟಜಿ ಟಾಟಾ ಅವರು 1892ರಲ್ಲಿಯೇ ಸಾಲರೂಪದ ವಿದ್ಯಾರ್ಥಿವೇತನದ ನಿಧಿಯೊಂದನ್ನು ಸ್ಥಾಪಿಸಿದರು. ನಮ್ಮ ರಾಜಾ ರಾಮಣ್ಣನವರು ಅದರ ನೆರವಿನಿಂದ ಲಂಡನ್ನಿಗೆ ಹೋಗಿ, 1948ರಲ್ಲಿ ಪಿಎಚ್.ಡಿ. ಪಡೆದರು, ಮುಂದೆ ಟ್ರಾಂಬೆಯ ಅಣುಸಂಶೋಧನ ಕೇಂದ್ರದ ನಿರ್ದೇಶಕರಾದರು. 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಓದಲು ಹೋದ ಅನಂತಮೂರ್ತಿಯವರು ಇಂಗ್ಲಿಷಿನ ನಡುವೆ ಕುಳಿತೇ ಕನ್ನಡದಲ್ಲಿ ‘ಸಂಸ್ಕಾರ’ವನ್ನು ಬರೆದರು. ಪರದೇಶದಲ್ಲಿ ನೆಲೆ ನಿಲ್ಲಲು ತನ್ನತನವನ್ನು ಬಿಟ್ಟುಕೊಡಬೇಕಾಗಿಲ್ಲ.

ಇಂದಿನ ಮಕ್ಕಳ ತಲೆಯ ಮೇಲೆ ಬ್ಯಾಂಕಿನ ಸಾಲವಿದೆ. ಕೆಲವರದು ಮನೆಯನ್ನೇ ಒತ್ತೆಯಿಟ್ಟು ಪಡೆದ ಸಾಲ. ಈ ಭಾರದಿಂದಲೇ ಅವರು ಸುಳ್ಳು ಹೇಳಲು ಕಲಿಯುತ್ತಾರೆ. ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ. ಒಂಟಿ ಕೋಣೆ, ಒಣ ಬ್ರೆಡ್ಡು. ಆದರೂ ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ ಅಮ್ಮ’ ಎಂಬ ಉತ್ತರ.

ಹಣದ ಅಡಚಣೆಯಾದಾಗ ಅಪಾಯವೂ ಹತ್ತಿರ ಬರುತ್ತದೆ. ಇಂಗ್ಲಂಡಿನಲ್ಲಿ ಪದವಿ ಓದುವವರು ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಎಂ.ಎಸ್ಸಿ. ಓದುವವರಿಗೆ ಬೇಸಗೆಯಲ್ಲಿ ಪ್ರಬಂಧ ಬರೆಯುವ ತಿಂಗಳುಗಳೂ ಸಾಮಾನ್ಯವಾಗಿ ಪಾಠದ ಅವಧಿಯೇ. ಸೈಕಲ್ಲಿನ ಮೇಲೆ ಊಟ ತಲುಪಿಸುವಂಥ ಸ್ವಯಂ ಉದ್ಯೋಗಕ್ಕೂ ಅನುಮತಿಯಿಲ್ಲ. ಅಮೇರಿಕೆಯಲ್ಲಿ ಮೊದಲ ವರ್ಷ ವಿಶ್ವವಿದ್ಯಾಲಯದ ಆವರಣದೊಳಗೆ ಮಾತ್ರ ಕೆಲಸ. ಗುಟ್ಟಾಗಿ ಮಿತಿ ಮೀರಿದರೆ ವೀಸಾ ಹೋಗುತ್ತದೆ, ಓದೂ ಹೋಗುತ್ತದೆ, ಸಾಲ ಮಾತ್ರ ಉಳಿಯುತ್ತದೆ.

ಆದುದರಿಂದ ಹೊರಡುವ ಮೊದಲೇ ತಂದೆ-ತಾಯಿ-ಮಕ್ಕಳು ಒಟ್ಟಿಗೆ ಕುಳಿತು ಲೆಕ್ಕ ಬರೆಯಲಿ. ಆರು ತಿಂಗಳು ಕೆಲಸ ಸಿಗದಿದ್ದರೆ ಏನು ಮಾಡುವುದೆಂಬುದನ್ನೂ ಅದರಲ್ಲಿ ಬರೆಯಲಿ. ಅನ್ನ-ಸಾರು ಮಾಡುವುದನ್ನು ಗಂಡುಮಕ್ಕಳೂ ಕಲಿಯಲಿ. ಬಾಡಿಗೆಯ ಮುಂಗಡವನ್ನು ಕೋಣೆಯನ್ನು ವಿಚಾರಿಸದೆ ಯಾರಿಗೂ ಕಳಿಸಬಾರದು. ಇಂಗ್ಲಂಡಿನ ಬಾಡಿಗೆ ಮನೆಗಳಿಗೆ 2019ರಿಂದ ಮುಂಗಡ ಸಾಮಾನ್ಯವಾಗಿ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಹೋದ ವಾರದಲ್ಲಿಯೇ ಹತ್ತಿರದ ಸರಕಾರಿ ವ್ಯವಸ್ಥೆಯ ವೈದ್ಯರಲ್ಲಿ ಹೆಸರು ಬರೆಸಬೇಕು. ವೀಸಾದೊಡನೆ ಆರೋಗ್ಯಶುಲ್ಕವನ್ನು ತೆತ್ತವರಿಗೆ ಅವರು ನೋಡಿದ್ದಕ್ಕೆ ಬೇರೆ ಹಣವಿಲ್ಲ.

ಇನ್ನು ಮನೆಯವರ ಕರ್ತವ್ಯ. ಭಾನುವಾರದ ಫೋನಿನಲ್ಲಿ ‘ಕೆಲಸ ಸಿಕ್ಕಿತೇ?’ ಎಂದು ಮೊದಲು ಕೇಳಬೇಡಿ. ‘ಏನು ಉಂಡೆ? ಕೈಯಲ್ಲಿ ಎಷ್ಟಿದೆ? ಯಾರೊಡನೆ ಮಾತಾಡಿದೆ?’ ಎಂದು ಕೇಳಿ. ಮಗ ಅಲ್ಲಿನ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾನೆಂದರೆ ನೆರೆಯವರಿಂದ ಮುಚ್ಚಿಡಬೇಡಿ. ಅವನ ಅಜ್ಜ ಕೋಟೆಯಲ್ಲಿ ತೊಳೆದ ಕಪ್ಪುಗಳ ಕಥೆಯನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವಲ್ಲವೇ? ಮೊಮ್ಮಗನ ದುಡಿಮೆಗೆ ಮಾತ್ರ ನಾಚಿಕೆಯೇಕೆ?

ಓದು ಸಾಗದಿದ್ದರೆ ಮರಳಿ ಬರಲು ಮನೆಯ ಬಾಗಿಲು ತೆರೆದಿದೆ ಎಂಬ ಮಾತನ್ನು ವಿಮಾನ ಹತ್ತುವ ಮೊದಲೇ ಬಾಯಿಬಿಟ್ಟು ಹೇಳಿರಿ. ಅದನ್ನು ಕೇಳಿಸಿಕೊಂಡು ಹೋದವರು ಕಷ್ಟವನ್ನು ಬಚ್ಚಿಡುವುದಿಲ್ಲ. ಹೆಚ್ಚಿನವರು ಓದು ಮುಗಿಸಿಯೇ ಬರುತ್ತಾರೆ.