ಹಾಲಿನ ತೂಬಿಗೆ ಹಿತ್ತಾಳೆ ಬೇಡ



ನಾಲೆಯ ತೂಬು ಎಂದರೇನೆಂದು ಹೊಸ ಅಗ್ರಹಾರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಎತ್ತಿದರೆ ಎಷ್ಟು ಗದ್ದೆ ನೆನೆಯುತ್ತದೆ, ನೀರುಗಂಟಿ ಯಾವಾಗ ಇಳಿಸುತ್ತಾರೆ, ಇಳಿಸಿದ ಮೇಲೂ ಸೋರಿದರೆ ಯಾರ ಪೈರು ಹಾಳು, ಎಲ್ಲವೂ ನಿಮಗೆ ಗೊತ್ತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ನಾಲೆ ಬಯಲಿನವರಿಗೂ ಅಷ್ಟೇ. ಕಾರ್ಖಾನೆಯವರು ಕಂಟ್ರೋಲ್ ವಾಲ್ವ್ ಎನ್ನುವುದೂ ಇಂಥದೇ ತೂಬು. ಹರಿಯುವುದನ್ನು ಬಿಡುವುದು, ತಡೆಯುವುದು, ಬೇಕಾದಷ್ಟೇ ಬಿಡುವುದು ಅದರ ಕೆಲಸ. ನಮ್ಮ ಹಾಲಿನ ದಾರಿಯಲ್ಲೂ ಇಂಥ ತೂಬುಗಳು ಅನೇಕ ಇವೆ. ಆದರೆ ಅವನ್ನು ಆರಿಸುವ ಮಾತು ಬಂದಾಗ ಮಹಿಳಾ ಸಂಘಗಳಲ್ಲೂ ‘ಅದು ಮೆಕ್ಯಾನಿಕ್ ಕೆಲಸ’ ಎಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯ ವಾಲ್ವ್ ನಿಮ್ಮ ಕೊಟ್ಟಿಗೆಯಲ್ಲೇ ಇದೆ, ಹಸುವಿನ ಮೊಲೆತೊಟ್ಟಿನ ತುದಿಯಲ್ಲಿ. ಕರೆದ ಮೇಲೆ ಅದು ಚೆನ್ನಾಗಿ ಮುಚ್ಚಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಹಸು ಸಗಣಿಯ ಮೇಲೆ ಮಲಗದಿರಲೆಂದೇ ಕರೆದ ಕೂಡಲೇ ಮೇವು ಹಾಕಿ ನಿಲ್ಲಿಸುತ್ತೀರಿ. ಹಾಲು ಹೊರಬರುವ ಬಾಯಿಂದಲೇ ಕೊಳೆ ಒಳಹೋಗುತ್ತದೆ ಎಂಬ ಈ ತಿಳಿವಳಿಕೆ ಸಾಕು, ಸಂಘದ ಬಿ.ಎಂ.ಸಿ.ಗೂ ಅದೇ ಅನ್ವಯಿಸುತ್ತದೆ.

ಬಿ.ಎಂ.ಸಿ. ತೊಟ್ಟಿಯಲ್ಲಿ ಹಾಲನ್ನು 4 ಡಿಗ್ರಿಗೆ ತಂಪು ಮಾಡಿ ಇಡುತ್ತೇವೆ. ಟ್ಯಾಂಕರ್ ಬಂದಾಗ ಅಷ್ಟೂ ಹಾಲು ಅಡಿಯ ಒಂದೇ ವಾಲ್ವ್ ಮೂಲಕ ಇಳಿಯುತ್ತದೆ. ಅದು ಸೋರಲು ಶುರುವಾಯಿತು ಅನ್ನಿ. ಯಾರೋ ಪೇಟೆಗೆ ಹೋಗಿ, ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಅದೇ ಅಳತೆಯ ಹಿತ್ತಾಳೆ ವಾಲ್ವ್ ತಂದು ಕೂರಿಸುತ್ತಾರೆ. ಅಳತೆ ಸರಿ, ಬೆಲೆ ಕಡಿಮೆ, ಸೋರಿಕೆಯೂ ನಿಂತಿತು. ಆದರೆ ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ನಮ್ಮ ಅಜ್ಜಿಯರು ಮಜ್ಜಿಗೆ ಇಡುತ್ತಿದ್ದರೇ? ಹಿತ್ತಾಳೆಯಲ್ಲಿರುವ ತಾಮ್ರ ಚೂರೇ ಚೂರು ಬಿಟ್ಟುಕೊಂಡರೂ ಹಾಲಿನ ಕೊಬ್ಬು ಬೇಗ ಕೆಟ್ಟು ವಾಸನೆ ತಿರುಗುತ್ತದೆ. ಹಾಲು ಮುಟ್ಟುವ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲೇ ಬೇಕು, 304 ಅಥವಾ 316 ದರ್ಜೆಯದು. ರಬ್ಬರ್ ಉಂಗುರವೂ ಆಹಾರಕ್ಕೆ ಬಳಸುವಂಥದ್ದೇ ಆಗಿರಬೇಕು.

ಲೋಹ ಸರಿಯಿದ್ದರೂ ಆಕಾರ ನೋಡಬೇಕು. ನೀರಿನ ಪೈಪಿಗೆ ಹಾಕುವ ಬಾಲ್ ವಾಲ್ವ್ ಒಳಗೆ ತೂತಿರುವ ಗುಂಡು ತಿರುಗುತ್ತದೆ. ಮುಚ್ಚಿದಾಗ ಆ ತೂತಿನಲ್ಲೂ ಗುಂಡಿನ ಸುತ್ತಲೂ ಒಂದಿಷ್ಟು ಹಾಲು ಸಿಕ್ಕಿಕೊಳ್ಳುತ್ತದೆ, ತೊಳೆಯುವ ನೀರು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಸಂಜೆ ಉಳಿದ ಒಂದು ಚಮಚ ಹುಳಿ ಹಾಲು ಬೆಳಿಗ್ಗೆ ಏನು ಮಾಡುತ್ತದೆ ಎಂದು ಹೆಪ್ಪು ಹಾಕುವ ಕೈಗಳಿಗೆ ನಾನು ಹೇಳಬೇಕೆ? ಗೇಟ್ ವಾಲ್ವ್ ಇನ್ನೂ ಕಷ್ಟ, ಅದರ ಮರೆಯೆಳೆಗಳಲ್ಲಿ ಸಂದಿಗಳೇ ಸಂದಿಗಳು. ಡೇರಿಗೆಂದೇ ಮಾಡಿದ ಬಟರ್‌ಫ್ಲೈ ವಾಲ್ವ್‌ನಲ್ಲಿ ಇರುವುದು ಒಂದು ತಟ್ಟೆ, ಅದರ ಸುತ್ತ ಒಂದು ರಬ್ಬರ್. ಬಿಚ್ಚಬಹುದು, ತಿಕ್ಕಬಹುದು, ಬೆಳಕಿಗೆ ಹಿಡಿದು ನೋಡಬಹುದು. ತೊಳೆಯುವಾಗ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಬಿಸಿ ನೀರು ಮತ್ತು ಮಾರ್ಜಕ. ಮೊದಲೇ ಕುದಿನೀರು ಬಿಟ್ಟರೆ ಹಾಲಿನ ಪದರ ಅಲ್ಲೇ ಅಂಟಿಕೊಳ್ಳುತ್ತದೆ.

ಈ ವಾಲ್ವ್ ಅನ್ನು ಅರ್ಧಂಬರ್ಧ ತೆರೆದು ಪಂಪ್ ಓಡಿಸುವುದು ಬೇಡ. ಕಿರಿದಾದ ಸಂದಿಯಲ್ಲಿ ಹಾಲು ನುಗ್ಗಿದರೆ ಕಡೆದ ಹಾಗೆ ಆಗಿ ಕೊಬ್ಬಿನ ಕಣ ಒಡೆಯುತ್ತದೆ, ಹಸಿ ಹಾಲಿಗೆ ಕಮಟು ಬರುತ್ತದೆ. ಪೂರ್ತಿ ತೆರೆಯಿರಿ, ಇಲ್ಲವೇ ಪೂರ್ತಿ ಮುಚ್ಚಿ. ಹರಿವನ್ನು ಹೆಚ್ಚು ಕಡಿಮೆ ಮಾಡಲು ಬೇರೆಯೇ ಬಗೆಯ ವಾಲ್ವ್ ಇದೆ. ಅದನ್ನೂ ‘ಇರಲಿ’ ಎಂದು ದೊಡ್ಡದು ತಂದರೆ ಸದಾ ಮುಚ್ಚಿದಂತೆಯೇ ಕೆಲಸ ಮಾಡಿ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬಿಟ್ಟು ಬೇಗ ಸವೆಯುತ್ತದೆ.

ಡೇರಿಯಲ್ಲಿ ಹಾಲು ಕಾಯಿಸುವ ಕಡೆ ಇನ್ನೊಂದು ವಾಲ್ವ್ ಇರುತ್ತದೆ, ನನಗೆ ಬಹಳ ಮೆಚ್ಚುಗೆಯಾದದ್ದು. ಹಾಲು ಕನಿಷ್ಠ 72 ಡಿಗ್ರಿಯಲ್ಲಿ 15 ಸೆಕೆಂಡ್ ಹರಿಯಬೇಕು. ಬಿಸಿ ಕಡಿಮೆಯಾದರೆ ಈ ವಾಲ್ವ್ ತಾನೇ ತಿರುಗಿ ಹಾಲನ್ನು ಮತ್ತೆ ಕಾಯಲು ವಾಪಸ್ ಕಳಿಸುತ್ತದೆ. ಅದನ್ನು ತಿರುಗಿಸುವುದು ಗಾಳಿಯ ಒತ್ತಡ. ಕರೆಂಟ್ ಹೋಗಿ ಗಾಳಿ ನಿಂತರೆ ಒಳಗಿನ ಸ್ಪ್ರಿಂಗ್ ಅದನ್ನು ವಾಪಸ್ ದಾರಿಗೇ ತಳ್ಳುತ್ತದೆ. ಕಾಯದ ಹಾಲು ಪ್ಯಾಕೆಟ್ ಕಡೆ ಹೋಗುವಂತಿಲ್ಲ. ತಾನಾಗಿ ನಡೆಯುವ ಯಾವುದೇ ವಾಲ್ವ್ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಇದು: ಕರೆಂಟ್ ಹೋದಾಗ ಇದು ಯಾವ ಕಡೆ ನಿಲ್ಲುತ್ತದೆ?

ಸ್ಟೀಲ್ ವಾಲ್ವ್ ದುಬಾರಿ ಎಂಬ ಮಾತು ಸುಳ್ಳಲ್ಲ. ಆದರೆ 2000 ಲೀಟರಿನ ತೊಟ್ಟಿ ಒಮ್ಮೆ ಹುಳಿಯಾದರೆ, ಲೀಟರಿಗೆ 30 ರೂಪಾಯಿಯಂತೆ ಕಡಿಮೆಯೇ ಹಿಡಿದರೂ 60,000 ರೂಪಾಯಿ. ಅದರಲ್ಲಿ ಎರಡು ಲೀಟರ್ ಹಾಕುವ ವಿಧವೆಯ ಪಾಲೂ ಇದೆ, ಆಕೆ ಕ್ಯಾನ್ ಎಷ್ಟೇ ಚೊಕ್ಕಟವಾಗಿ ತೊಳೆದಿರಲಿ.

ಆದ್ದರಿಂದ ಹಾಲು ಮುಟ್ಟುವ ಯಾವ ಸಾಮಾನನ್ನೂ ಆಡಳಿತ ಮಂಡಳಿಯ ಮುಂದೆ ಇಡದೆ ಕೊಳ್ಳಬಾರದೆಂದು ನಿಮ್ಮ ಮುಂದಿನ ಸಭೆಯಲ್ಲಿ ಠರಾವು ಮಾಡಿಸಿ. ಕೊಟೇಶನ್‌ನಲ್ಲಿ ಲೋಹದ ದರ್ಜೆ, ರಬ್ಬರ್ ಬಗೆ, ಬಿಚ್ಚಿ ತೊಳೆಯಬಹುದೇ ಎಂಬುದನ್ನು ಬರೆಸಿಕೊಳ್ಳಿ. ಬದಲಿ ರಬ್ಬರ್ ಉಂಗುರ ಒಂದೆರಡು ಬೀರುವಿನಲ್ಲಿರಲಿ. ಮೆಕ್ಯಾನಿಕ್ ಹಳೆಯ ವಾಲ್ವ್ ಬಿಚ್ಚಿದಾಗ, ಅದನ್ನು ಚೀಲಕ್ಕೆ ಹಾಕಿಕೊಳ್ಳುವ ಮೊದಲು ನೀವೇ ಕೈಗೆ ತೆಗೆದುಕೊಂಡು ಒಮ್ಮೆ ಮೂಸಿ ನೋಡಿ.