ಹಳೆ ಕೋಡಿಗೆ ಪೂಜೆ ಸಾಕು, ಕಸ ಗುಡಿಸೋಣ ಬನ್ನಿ!

ಕನ್ನಡದ ಯುವಕ ಯುವತಿಯರೇ, ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿ ಓಡುತ್ತಿರುವುದು ಒಬ್ಬ ವಿದ್ಯಾರ್ಥಿಯ ಹವ್ಯಾಸ! 1991ರಲ್ಲಿ ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಕಂಪ್ಯೂಟರಿಗೆ ಒಂದು ಆಪರೇಟಿಂಗ್ ಸಿಸ್ಟಂ ಬರೆಯತೊಡಗಿದ. ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದು ತಾನೇ ಹೇಳಿಕೊಂಡಿದ್ದ. ಅದೇ ಇಂದಿನ ಲಿನಕ್ಸ್.

ಅದು ಬೆಳೆದದ್ದು ಹೇಗೆ? ಕೋಡ್ ಎಲ್ಲರಿಗೂ ತೆರೆದಿತ್ತು, ನಿಜ. ಆದರೆ ಇನ್ನೊಂದು ಗುಟ್ಟಿದೆ: ಅವರು ಕಸ ಗುಡಿಸುತ್ತಾರೆ! ಯಾವ 386ಕ್ಕಾಗಿ ಲಿನಕ್ಸ್ ಹುಟ್ಟಿತೋ, ಅದೇ 386ರ ಕೋಡನ್ನು 2012ರ ಡಿಸೆಂಬರಿನಲ್ಲಿ ಕಿತ್ತುಹಾಕಿದರು. ಏನು ಬದಲಿಸಹೋದರೂ ಆ ಹಳೇ ಕೋಡ್ ಕಾಲಿಗೆ ತೊಡಕಾಗುತ್ತಿತ್ತು. 2022ರಲ್ಲಿ ಸಿ ಭಾಷೆಯ 1989ರ ನಿಯಮ ಬಿಟ್ಟು 2011ರ ನಿಯಮಕ್ಕೆ ಬಂದರು. ತಾಯಿಬೇರನ್ನು ಉಳಿಸಲು ಒಣಕೊಂಬೆ ಕಡಿದರು.

ಈಗ ನಮ್ಮ ಮನೆ ನೋಡಿ. ನಾನು ಹುಕ್ಕೇರಿಯ ಪ್ರೆಸ್ಸಿನವನು. ಓದಿದ್ದು ಪಿಯುಸಿ, ಪ್ರೋಗ್ರಾಂ ಬರೆಯಲು ಬಾರದು. ಆದರೆ ಕೊಳೆ ಎಲ್ಲಿದೆ ಎಂಬುದು ದಿನಾ ಕಣ್ಣಿಗೆ ಬೀಳುತ್ತದೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಊರ ಕವಿಯ ಪುಸ್ತಕ, ಎಲ್ಲವನ್ನೂ ಸಣ್ಣ ಊರುಗಳ ಪ್ರೆಸ್ಸುಗಳು ವರ್ಷಗಟ್ಟಲೆ ಪೇಜ್‌ಮೇಕರಿನಲ್ಲಿ ಜೋಡಿಸಿದವು. ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಗೊತ್ತೇ ಇಲ್ಲ! ಹಳೆಯ ನುಡಿ ಫಾಂಟಿನಲ್ಲಿ ನಿಮಗೆ ಕಾಣುವುದು ‘ಕ’, ಒಳಗೆ ಕೂತಿರುವುದು ಇಂಗ್ಲಿಷಿನ ‘ಪಿ’! ಫಾಂಟ್ ತೆಗೆದರೆ ಕನ್ನಡವೇ ಮಾಯ. ಹುಡುಕಿದರೆ ಸಿಗುವುದಿಲ್ಲ, ಫೋನಿನಲ್ಲಿ ಓದಲಾಗುವುದಿಲ್ಲ.

ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ, ಲಿನಕ್ಸ್ ಹುಟ್ಟಿದ ವರ್ಷವೇ. ಮೂವತ್ತು ವರ್ಷ ದಾಟಿದರೂ ನಾವು ಮುಖವಾಡ ಕಳಚಿಲ್ಲವೆಂದರೆ ಏನೆನ್ನಬೇಕು?

ಇದು ಹಿರಿಯರಿಗೆ ಅಗೌರವವಲ್ಲವೇ ಎನ್ನುವವರಿದ್ದಾರೆ. ಅಲ್ಲ! ಕೆ.ಪಿ. ರಾವ್ ಅವರ ಕೀಲಿಮಣೆ, ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬೇಗ ಮನೆಮನೆಗೆ ಬರುತ್ತಿರಲಿಲ್ಲ. ನುಡಿ, ಬರಹಗಳೇ ಯುನಿಕೋಡಿಗೆ ಬಂದಾಗಿದೆ. ಹಿಂದೆ ಉಳಿದವರು ನಾವು, ಪ್ರೆಸ್ಸಿನವರು.

ದಾರಿ ಇಲ್ಲದಿಲ್ಲ. ಪುಟ ಜೋಡಿಸುವ ಉಚಿತ ತಂತ್ರಾಂಶ ಸ್ಕ್ರೈಬಸ್ ಹಿಂದೆ ನಮ್ಮ ಒತ್ತಕ್ಷರಗಳನ್ನು ಕೂಡಿಸಲಾರದೆ ಒದ್ದಾಡುತ್ತಿತ್ತು. ಅದರ ಅಕ್ಷರ ಜೋಡಿಸುವ ಕೋಡನ್ನು ಹೊಸದಾಗಿ ಬರೆದರು. 2024ರ ಜನವರಿಯಲ್ಲಿ 1.6 ಬಂತು. ಹಳೆ ಕಡತವನ್ನು ಯುನಿಕೋಡಿಗೆ ತರುವ ಉಚಿತ ಪರಿವರ್ತಕಗಳೂ ಇವೆ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಗೆಳೆಯರೇ, ಇಲ್ಲಿ ನೀವು ಬೇಕು. ‘ಧರ್ಮ’ ಪದವನ್ನೇ ನೋಡಿ. ಹಳೆ ಫಾಂಟಿನಲ್ಲಿ ಅರ್ಕಾವತ್ತು ‘ಮ’ದ ಹಿಂದೆ ಕೂತಿರುತ್ತದೆ, ಯುನಿಕೋಡಿನಲ್ಲಿ ‘ರ’ ಮುಂದೆ ಬರಬೇಕು. ಇಂಥಲ್ಲೇ ಪರಿವರ್ತನೆ ಎಡವುತ್ತದೆ. ನಿಮ್ಮೂರ ಪ್ರೆಸ್ಸಿಗೆ ಒಂದು ಭಾನುವಾರ ಹೋಗಿ. ಹಳೆ ಕಡತ ಕೇಳಿ ಪಡೆಯಿರಿ, ಪರಿವರ್ತಿಸಿ, ಅಕ್ಷರ ಅಕ್ಷರ ತಾಳೆ ನೋಡಿ, ತಪ್ಪಿದ್ದಲ್ಲಿ ಕೋಡ್ ತಿದ್ದಿ, ತಿದ್ದಿದ್ದನ್ನು ಎಲ್ಲರಿಗೂ ಕೊಡಿ.

ಬೋರ್ಡಿನ ಮೇಲೆ ಕನ್ನಡ ಬೇಕು, ಸರಿ. ಆ ಹಾರ್ಡ್‌ಡಿಸ್ಕುಗಳು ಸಾಯುವ ಮುನ್ನ ಅವುಗಳೊಳಗೂ ಕನ್ನಡ ಕನ್ನಡವಾಗಿಯೇ ಇರಲಿ!